ಜುಲೈನಲ್ಲಿ ತೋಟ ಮಾರಬೇಡಿ: ನಡುವಯಸ್ಸಿನ ತಳಮಳ ದಾಟುವ ಬಗೆ

ನಮ್ಮನೆಯವರು 24 ವರ್ಷ ಸೈನ್ಯದಲ್ಲಿದ್ದು, ಹವಾಲ್ದಾರ್ ಆಗಿ ಪಿಂಚಣಿ ತೆಗೆದುಕೊಂಡು ಊರಿಗೆ ಬಂದಾಗ ಅವರಿಗೆ 44 ವರ್ಷ. ಬಂದ ಮೊದಲ ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಐದಕ್ಕೆ ಎದ್ದು, ಜಗಲಿಯಲ್ಲಿ ಕೂತು ಕಪ್ಪು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು. ಬ್ರಷ್ಷಿನ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಉಜ್ಜಿ ಮುಗಿದ ಮೇಲೆ ಎರಡೂ ಬೂಟನ್ನು ಗೋಡೆಗೆ ಜೋಡಿಸಿ ಇಡುತ್ತಿದ್ದರು. ಹಾಕಿಕೊಂಡು ಹೋಗುವ ಜಾಗವೇ ಇರಲಿಲ್ಲ. ಅಂಗಳದ ತುಂಬ ಪಾಚಿ, ಗೇಟಿನ ತನಕ ಕೆಸರು. "ಎರಡು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಅದಕ್ಕೆ" ಅನ್ನುತ್ತಿದ್ದರು. ನಾನೂ ನಂಬಿದ್ದೆ.

ಜುಲೈ ಮುಗಿಯುವ ಹೊತ್ತಿಗೆ ಒಂದು ರಾತ್ರಿ ಊಟಕ್ಕೆ ಕೂತವರು, ತಟ್ಟೆ ನೋಡುತ್ತಲೇ ಹೇಳಿದರು: "ತೋಟ ಮಾರಿಬಿಡೋಣ. ಮೈಸೂರಲ್ಲಿ ಒಂದು ಸೈಟ್ ತಗೊಂಡು ಇರೋಣ."

ಮೂರೂವರೆ ಎಕರೆ ರೋಬಸ್ಟಾ ಕಾಫಿ. ಮಾವ ನೆಟ್ಟದ್ದು. ನಾವು ಮಾರಲಿಲ್ಲ. ಮೂರು ವರ್ಷದ ಮೇಲೆ ಅಂಥದ್ದೇ ತಳಮಳ ನನಗೂ ಶುರುವಾಯಿತು, ಆಗ ನನಗೆ 47. ಇಬ್ಬರೂ ದಾಟಿ ಬಂದೆವು ಅನ್ನುವುದಕ್ಕಿಂತ, ದಾಟುತ್ತಾ ಇದ್ದೇವೆ. ನಾನು ಡಾಕ್ಟರ್ ಅಲ್ಲ, ಮನಃಶಾಸ್ತ್ರ ಓದಿದವಳೂ ಅಲ್ಲ. ಕೊಡಗಿನ ಭಾಗಮಂಡಲದ ಕಡೆಯ ಒಂದು ಮನೆಯಲ್ಲಿ ಏನೇನು ಕೆಲಸಕ್ಕೆ ಬಂತು, ಏನು ಬರಲಿಲ್ಲ ಅನ್ನುವುದನ್ನು ಒಂದರ ನಂತರ ಒಂದಾಗಿ ಬರೆದಿದ್ದೇನೆ. ನಿಮಗೆ ಬೇಕಾದದ್ದು ತೆಗೆದುಕೊಳ್ಳಿ.

1. ಅದು ಏನು ಅಂತ ಮೊದಲು ಗೊತ್ತಿರಲಿ

ಮಿಡ್‌ಲೈಫ್ ಕ್ರೈಸಿಸ್ ಎಂಬ ಹೆಸರು ಬಂದದ್ದು 1965ರಲ್ಲಿ. ಎಲಿಯಟ್ ಜಾಕ್ಸ್ ಎಂಬ ಕೆನಡಾ ಮೂಲದ ಮನೋವಿಶ್ಲೇಷಕ ತನ್ನ ಲೇಖನವೊಂದರಲ್ಲಿ ಆ ಮಾತು ಬಳಸಿದರು. ಬದುಕಿನಲ್ಲಿ ಮುಂದೆ ಉಳಿದಿರುವ ದಿನ ಲೆಕ್ಕಕ್ಕೆ ಸಿಗುವಷ್ಟೇ ಅಂತ ಮನುಷ್ಯನಿಗೆ ನಡುವಯಸ್ಸಿನಲ್ಲಿ ಒಳಗೊಳಗೇ ಹೊಳೆಯುತ್ತದೆ, ಗಲಿಬಿಲಿ ಶುರುವಾಗುವುದು ಅಲ್ಲಿಂದ ಎನ್ನುವುದು ಅವರ ವಾದ. ತಮಾಷೆಯೆಂದರೆ, ಅದನ್ನು ಬರೆದಾಗ ಅವರಿಗೇ 48. ಆಮೇಲೆ ಬೇರೆ ವಿಷಯ ಹಿಡಿದು ಕೆಲಸ ಮಾಡುತ್ತಾ 86ರ ತನಕ ಬದುಕಿದರು.

ಇದು ಎಲ್ಲರಿಗೂ ಆಗುವುದಿಲ್ಲ. ಆಗುವವರಿಗೂ ಒಂದೇ ಥರ ಆಗುವುದಿಲ್ಲ. ಹಲವು ದೇಶಗಳಲ್ಲಿ ಜನರನ್ನು ಕೇಳಿ ನೋಡಿದ ಅರ್ಥಶಾಸ್ತ್ರಜ್ಞರು, ಬದುಕಿನ ತೃಪ್ತಿ ನಲವತ್ತರ ನಡುವೆ ತಳ ಮುಟ್ಟಿ ಆಮೇಲೆ ಮೆಲ್ಲಗೆ ಮೇಲೇರುತ್ತದೆ ಅಂತ ಹೇಳಿದ್ದಾರೆ. ಅದನ್ನು ಒಪ್ಪದವರೂ ಇದ್ದಾರೆ. ನನಗಂತೂ 47ರಲ್ಲಿ ಅದನ್ನು ಕೇಳಿ ಸಮಾಧಾನವೇ ಆಯಿತು, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಕೊಡಗಿನಲ್ಲಿ ಇದು ಬರುವ ದಾರಿಗಳು ಬೇರೆ. ಸಿಪಾಯಿಯಾಗಿ ಸೇರಿದವರು ನಲವತ್ತರ ಆಸುಪಾಸಿಗೇ ಪಿಂಚಣಿ ಪುಸ್ತಕ ಹಿಡಿದು ಬಸ್ ಇಳಿಯುತ್ತಾರೆ. ಪಟ್ಟಣದವರು ಅರವತ್ತಕ್ಕೆ ಎದುರಿಸುವುದನ್ನು ಇವರು ಇಪ್ಪತ್ತು ವರ್ಷ ಮೊದಲೇ ಎದುರಿಸಬೇಕು. ಇನ್ನು ತೋಟದ ಮನೆಗಳಲ್ಲಿ ಮಕ್ಕಳು ಪಿಯುಸಿಗೆಂದು ಮಂಗಳೂರಿಗೋ ಮೈಸೂರಿಗೋ ಹೋದರೆ ಆಯಿತು, ಆಮೇಲೆ ಹುತ್ತರಿಗೂ ಕಾವೇರಿ ಸಂಕ್ರಮಣಕ್ಕೂ ಬರುವ ನೆಂಟರು. ಪಕ್ಕದ ಮನೆ ಅರ್ಧ ಮೈಲಿ ದೂರ. ನಡುವೆ ವಯಸ್ಸಾದ ಅತ್ತೆ ಮಾವ.

ಇಲ್ಲಿ ಒಂದು ಮಾತು ಬೇರೆ ಮಾಡಿ ಹೇಳಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿ ಮನೆ, ತೋಟ, ಜನರನ್ನು ಕಳೆದುಕೊಂಡವರ ಸಂಕಟ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ನಿಜವಾದ ನಷ್ಟ. ಮಳೆ ಜೋರಾದಾಗ ಈಗಲೂ ಎದೆ ನಡುಗುವವರಿಗೆ "ವಯಸ್ಸಿನ ಗಲಿಬಿಲಿ" ಅಂತ ಹೇಳಬೇಡಿ. ಅವರು ಆಪ್ತಸಮಾಲೋಚಕರನ್ನೋ ಡಾಕ್ಟರನ್ನೋ ಕಾಣುವುದೇ ಸರಿ.

2. ತತ್ವಕ್ಕಿಂತ ಮೊದಲು ರಕ್ತ ಪರೀಕ್ಷೆ

ಬದುಕಿಗೆ ಅರ್ಥ ಇಲ್ಲ ಅಂತ ನನಗೆ ಅನ್ನಿಸಿದ್ದರಲ್ಲಿ ಅರ್ಧ ಪಾಲು ಥೈರಾಯ್ಡ್‌ನದ್ದಾಗಿತ್ತು. ನಗಬೇಡಿ. ಸುಸ್ತು, ಮರೆವು, ಯಾವುದರಲ್ಲೂ ಆಸೆ ಇಲ್ಲದಿರುವುದು, ಇವೆಲ್ಲ ದೇಹದಿಂದಲೂ ಬರುತ್ತವೆ. ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಬಿಪಿ ಇಷ್ಟನ್ನು ಒಂದು ಸಲ ನೋಡಿಸಿಕೊಳ್ಳಿ. ಗಂಡಸರು ಜೋರಾಗಿ ಗೊರಕೆ ಹೊಡೆದು ಹಗಲೆಲ್ಲ ತೂಕಡಿಸುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಹೆಂಗಸರಿಗೆ ಇನ್ನೊಂದಿದೆ. ಮುಟ್ಟು ನಿಲ್ಲುವುದಕ್ಕೆ ನಾಲ್ಕೈದು ವರ್ಷ ಮೊದಲೇ ದೇಹ ಬದಲಾಗತೊಡಗುತ್ತದೆ. ಜನವರಿಯ ಚಳಿಯಲ್ಲಿ ಕಾಫಿ ಹರಡಿದ ಕಣದಲ್ಲಿ ನಿಂತಿದ್ದಾಗ ನನಗೆ ಒಮ್ಮೆಲೇ ಕುತ್ತಿಗೆಯಿಂದ ಬೆವರು ಹರಿಯಿತು. ಕೆಲಸದವಳು ಸ್ವೆಟರ್ ಮೇಲೆ ಶಾಲು ಹೊದ್ದುಕೊಂಡಿದ್ದಳು. ನಾನು ಬಿಸಿಲು ಅಂದುಕೊಂಡೆ. ರಾತ್ರಿ ಎರಡು ಗಂಟೆಗೂ ಹಾಗೇ ಆದಾಗ ಬಿಸಿಲು ಎಲ್ಲಿಂದ ಬರಬೇಕು? ನಿದ್ದೆ ಕೆಟ್ಟರೆ ಸಿಟ್ಟು, ಸಿಟ್ಟಾದರೆ ಅಳು. ಇದಕ್ಕೆ ಚಿಕಿತ್ಸೆ ಇದೆ, ಸಹಿಸಿಕೊಂಡೇ ಇರಬೇಕಾಗಿಲ್ಲ. ರಕ್ತಸ್ರಾವ ತುಂಬ ಜಾಸ್ತಿಯಾದರೆ, ಅಥವಾ ಒಂದು ವರ್ಷ ನಿಂತು ಮತ್ತೆ ಕಾಣಿಸಿಕೊಂಡರೆ, ತಡ ಮಾಡದೆ ತೋರಿಸಿ.

ಇನ್ನೂ ಒಂದು ಅಳತೆ ನೆನಪಿಡಿ. ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿ, ಯಾವುದರಲ್ಲೂ ಖುಷಿ ಇಲ್ಲದೆ, ಊಟ ನಿದ್ದೆ ಕೆಟ್ಟು ಎರಡು ವಾರ ಕಳೆದರೆ ಅದನ್ನು ಖಿನ್ನತೆ ಇರಬಹುದು ಅಂತಲೇ ನೋಡಬೇಕು. ಸಾಯುವ ಯೋಚನೆ ಬಂದರೆ ಎರಡು ವಾರವೂ ಬೇಡ, ಅದೇ ದಿನ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. ನಂಬರ್ 14416. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಸತ್ತರೆ ಮೊಬೈಲ್ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ನಡೆದು ಹೋಗಿ ಮಾತಾಡಬಲ್ಲ ಒಂದು ಮನೆಯನ್ನು ಮೊದಲೇ ಮನಸ್ಸಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ.

3. ಮಳೆ ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆಯಿರಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಇದು. ಖರ್ಚಿಲ್ಲದ್ದು ಕೂಡ.

ಇಲ್ಲಿ ಎಷ್ಟೋ ತೋಟದ ಮನೆಗಳಲ್ಲಿ ಮಳೆ ಬರೆದಿಡುವ ಪುಸ್ತಕ ಇರುತ್ತದೆ. ಬೆಳಿಗ್ಗೆ ಅಂಗಳದ ಮಾಪಕ ನೋಡಿ, ಇಂಚು ಎಷ್ಟು, ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಎಷ್ಟು ಅಂತ ಬರೆಯುವುದು. ನಮ್ಮ ಮಾವ ಮೂವತ್ತು ವರ್ಷ ಬರೆದಿದ್ದಾರೆ. ಅವರು ಹೋದ ಮೇಲೆ ಆ ಕೆಲಸ ನನಗೆ ಬಂತು. 47ರ ಆ ಮಳೆಗಾಲದಲ್ಲಿ ಪುಟದ ಬಲಗಡೆ ಸ್ಕೇಲ್ ಇಟ್ಟು ಒಂದು ಗೆರೆ ಎಳೆದು, ಅಲ್ಲಿ ಹಿಂದಿನ ದಿನದ ಮನಸ್ಸನ್ನೂ ಬರೆಯತೊಡಗಿದೆ. ಮೂರೇ ಮಾತು: ಮೇಲೆ, ಸಮ, ಕೆಳಗೆ. ಪಕ್ಕದಲ್ಲಿ ಆ ದಿನ ಏನಾಯಿತು ಅಂತ ನಾಲ್ಕು ಪದ. "3 ಇಂಚು 40 ಸೆಂಟು. ಕೆಳಗೆ. ಯಾರೂ ಬರಲಿಲ್ಲ, ಮಧ್ಯಾಹ್ನ ಮಲಗಿದೆ." ಅಷ್ಟೇ. ದೊಡ್ಡದಾಗಿ ದಿನಚರಿ ಬರೆಯಲು ಹೋಗಬೇಡಿ, ಎಂಟನೇ ದಿನ ಬೇಜಾರಾಗಿ ಬಿಡುತ್ತೀರಿ.

ಎರಡು ತಿಂಗಳು ಹಿಂದಿನ ಪುಟ ತಿರುಗಿಸಿ ನೋಡಬೇಡಿ, ಆಮೇಲೆ ಒಂದು ಮಧ್ಯಾಹ್ನ ಕೂತು ಓದಿ. ನಾನು ಓದಿದಾಗ ಅಂದುಕೊಂಡಿದ್ದಕ್ಕಿಂತ ಬೇರೆಯೇ ಕಂಡಿತು. ಅತಿ ಜೋರು ಮಳೆಯ ದಿನಗಳು ಕೆಳಗೆ ಇರಲೇ ಇಲ್ಲ. ಚರಂಡಿ ಬಿಡಿಸು, ಹಸು ಕಟ್ಟು, ಸೌದೆ ಎತ್ತಿಡು ಅಂತ ಓಡಾಡಿದ ದಿನವೆಲ್ಲ "ಸಮ". ಕೆಳಗೆ ಇದ್ದದ್ದು ಜಿಟಿಜಿಟಿ ಮಳೆಯ, ಮನೆಗೆ ಯಾರೂ ಕಾಲಿಡದ ದಿನಗಳು. ಇನ್ನೊಂದು ನನಗೇ ಆಶ್ಚರ್ಯ: ಮಗನ ಫೋನ್ ಬಂದ ದಿನಗಳಲ್ಲೂ ಜಾಸ್ತಿ ಕೆಳಗೆ! ಫೋನ್ ಇಟ್ಟ ಮೇಲೆ ಮನೆ ಇನ್ನೂ ಖಾಲಿ ಅನ್ನಿಸುತ್ತಿತ್ತು. ಹಾಗಂತ ಫೋನ್ ಮಾಡಬೇಡ ಅನ್ನಲಾಗುತ್ತದೆಯೇ? ಫೋನ್ ಆದ ಕೂಡಲೇ ಕೊಡೆ ಹಿಡಿದು ಕೊಟ್ಟಿಗೆಗೆ ಹೋಗುವ ಅಭ್ಯಾಸ ಮಾಡಿಕೊಂಡೆ.

ತೋಟ ಇಲ್ಲದವರು, ಮಡಿಕೇರಿ ಕುಶಾಲನಗರದಲ್ಲಿ ನೌಕರಿ ಮಾಡುವವರು, ಗೋಡೆ ಕ್ಯಾಲೆಂಡರಿನ ಚೌಕದಲ್ಲೇ ಬರೆಯಬಹುದು. ಯಾರಾದರೂ ಓದಿಯಾರು ಅಂತ ಹೆದರಿಕೆಯಿದ್ದರೆ ಬರೀ ಚುಕ್ಕಿ ಇಡಿ.

4. ಮಳೆಗಾಲದಲ್ಲಿ ದೊಡ್ಡ ನಿರ್ಧಾರ ಬೇಡ

ಜೂನ್‌ನಿಂದ ಆಗಸ್ಟ್ ತನಕ ನಮ್ಮ ಕಡೆ ಬಿಸಿಲು ಕಾಣುವುದು ಅಪರೂಪ. ಬಟ್ಟೆ ಒಲೆಯ ಮೇಲೆ ಒಣಗುತ್ತದೆ, ಗಂಟು ನೋಯುತ್ತದೆ, ರಸ್ತೆಗೆ ಮರ ಬೀಳುತ್ತದೆ. ಅಂಥ ದಿನಗಳಲ್ಲಿ ತೋಟ ಮಾರುವುದು, ಕೆಲಸ ಬಿಡುವುದು, ಪಾಲು ಕೇಳುವುದು, ಗಂಡ ಹೆಂಡತಿ ಬೇರೆಯಾಗುವುದು, ಸಾಲ ತೆಗೆದು ಹೋಂಸ್ಟೇ ಕಟ್ಟುವುದು ಇವೆಲ್ಲ ತುಂಬಾ ಸರಿ ಅನ್ನಿಸುತ್ತವೆ.

ನಮ್ಮನೆಯ ಪದ್ಧತಿ ಹೀಗೆ. ಏನೇ ಆಲೋಚನೆ ಬಂದರೂ ಮಳೆ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖು ಹಾಕಿ ಬರೆಯುವುದು. ಯಾರೂ ಬೈಯುವಂತಿಲ್ಲ, ನಗುವಂತಿಲ್ಲ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತ (ಕೊಡಗಿನ ಆಯುಧ ಪೂಜೆಯ ಹಬ್ಬ) ಕಳೆದ ಮೇಲೆ ಒಂದು ಸಲ ಓದುವುದು. ಆಗಲೂ ಬೇಕು ಅನ್ನಿಸಿದ್ದಕ್ಕೆ ಒಂದು ಸುತ್ತು ಹಾಕುವುದು. ತುಲಾ ಸಂಕ್ರಮಣದ ಹೊತ್ತಿಗೆ, ಅಂದರೆ ಅಕ್ಟೋಬರ್ ನಡುವೆ, ಮತ್ತೆ ಓದುವುದು. ಮೂರು ಸಲವೂ ಬೇಕು ಅನ್ನಿಸಿದರೆ ಮಾತ್ರ ಲೆಕ್ಕಕ್ಕೆ ಕೂರುವುದು. ತೋಟ ಮಾರುವ ಮಾತು ಕೈಲ್ ಮುಹೂರ್ತದ ಓದಿನಲ್ಲೇ ಬಿದ್ದುಹೋಯಿತು. "ಇದನ್ನು ಬರೆದದ್ದು ನಾನೇನಾ?" ಅಂದರು.

ಎರಡನೆಯದು ಹೋಂಸ್ಟೇ. ಅದು ಸಂಕ್ರಮಣವನ್ನೂ ದಾಟಿತು! ಲೆಕ್ಕಕ್ಕೆ ಕೂತೆವು. ಕಟ್ಟಡ, ನೀರು, ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಬಡ್ಡಿ. 2018ರಲ್ಲಿ ಗುಡ್ಡ ಜಾರಿದಾಗ, ಮತ್ತೆ 2020ರಲ್ಲಿ ಕೊರೊನಾ ಬಂದಾಗ ರೂಮುಗಳು ಖಾಲಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೆವಲ್ಲ. ಬಿಟ್ಟೆವು. ಬೇರೆಯವರಿಗೆ ಆಗಬಹುದು. ಆದರೆ ಮನಸ್ಸಿನ ಬೇಜಾರಿಗೆ ಮದ್ದು ಅಂತ ಸಾಲ ಮಾಡುವುದು ನನಗೆ ಸರಿ ಕಾಣುವುದಿಲ್ಲ. ತೋಟದ ದುಡ್ಡು ವರ್ಷಕ್ಕೆ ಒಂದೇ ಸಲ ಬರುತ್ತದೆ, ಕಂತು ಪ್ರತಿ ತಿಂಗಳು ಬರುತ್ತದೆ. ಜಮ್ಮಾ ಜಾಗದ, ಅಂದರೆ ಇಡೀ ಕುಟುಂಬಕ್ಕೆ ಸೇರಿದ ಹಳೆಯ ಹಿಡುವಳಿಯ, ವಿಷಯವಾದರೆ ಪಹಣಿಯಲ್ಲಿ ಎಷ್ಟು ಹೆಸರಿದೆ ನೋಡದೆ ಕನಸನ್ನೂ ಕಾಣಬೇಡಿ.

5. ಸಂಜೆಯ ಗ್ಲಾಸು

ಇದನ್ನು ಬಿಟ್ಟು ಕೊಡಗಿನಲ್ಲಿ ಇಂಥ ಲೇಖನ ಬರೆದರೆ ಮೋಸವಾಗುತ್ತದೆ. ಮಿಲಿಟರಿ ಕ್ಯಾಂಟೀನಿನ ರಮ್ ಅಗ್ಗ, ಸಂಜೆ ಉದ್ದ, ಚಳಿಯಂತೂ ಕೇಳಬೇಡಿ. ಹಬ್ಬಕ್ಕೆ ಮದುವೆಗೆ ಕುಡಿಯುವುದು ನಮ್ಮಲ್ಲಿ ತಪ್ಪಲ್ಲ. ಆದರೆ ಒಬ್ಬರೇ ಕೂತು, ನಿದ್ದೆ ಬರಲಿ ಅಂತ ಕುಡಿಯತೊಡಗಿದರೆ ಅದು ಬೇರೆ. ಮದ್ಯದಿಂದ ಬೇಗ ಕಣ್ಣು ಮುಚ್ಚುತ್ತದೆ, ನಡುರಾತ್ರಿ ಎಚ್ಚರವೂ ಆಗುತ್ತದೆ, ಮನಸ್ಸು ಮರುದಿನ ಇನ್ನೂ ಕುಗ್ಗಿರುತ್ತದೆ. ಮಳೆ ಪುಸ್ತಕದಲ್ಲಿ ಗ್ಲಾಸಿನ ಲೆಕ್ಕವನ್ನೂ ಬರೆಯಲು ಹೇಳಿದೆ. ಬರೆದರು, ಸಿಟ್ಟಿನಿಂದಲೇ. ಸಂಖ್ಯೆ ಕಂಡ ಮೇಲೆ ನಾನು ಏನೂ ಹೇಳಬೇಕಾಗಲಿಲ್ಲ. ವರ್ಷಗಟ್ಟಲೆ ದಿನಾ ಜೋರಾಗಿ ಕುಡಿದವರು ಮಾತ್ರ ಒಂದೇ ದಿನಕ್ಕೆ ನಿಲ್ಲಿಸಬಾರದು. ನಡುಕ, ಫಿಟ್ಸ್ ಬರಬಹುದು, ಡಾಕ್ಟರ್ ಕಣ್ಗಾವಲಿನಲ್ಲೇ ಬಿಡಬೇಕು.

6. ಎದುರು ಕೂತು ಮಾತಾಡಬೇಡಿ, ಪಕ್ಕದಲ್ಲಿ ಕೂತು ಮಾತಾಡಿ

"ನಿಮಗೆ ಏನಾಗಿದೆ ಹೇಳಿ" ಅಂತ ಎದುರು ಕೂತು ಕೇಳಿದಾಗಲೆಲ್ಲ ನಮ್ಮನೆಯವರು "ಏನಿಲ್ಲ" ಅಂದಿದ್ದಾರೆ. ಮಾತು ಬಂದದ್ದು ಕಣಿಲೆ (ಎಳೆ ಬಿದಿರು) ಹೆಚ್ಚುವಾಗ. ಇಬ್ಬರೂ ಒಂದೇ ಹಲಗೆಯ ಮುಂದೆ, ಕಣ್ಣು ಚಾಕುವಿನ ಮೇಲೆ. ಕಣಿಲೆಯನ್ನು ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಬೇಕಲ್ಲ, ಅವಸರದ ಕೆಲಸ ಅಲ್ಲ. ಅರ್ಧ ಬುಟ್ಟಿ ಆಗುವ ಹೊತ್ತಿಗೆ ಹೇಳಿದರು: "ಅಲ್ಲಿ ಬೆಳಿಗ್ಗೆ ಮೂವತ್ತು ಜನ ನನ್ನ ಮಾತಿಗೆ ಕಾಯ್ತಿದ್ರು. ಇಲ್ಲಿ ನಾಯಿಯೂ ಕಾಯಲ್ಲ."

ನಾನು ಉಪದೇಶ ಮಾಡದೆ ಹೆಚ್ಚುತ್ತಲೇ ಇದ್ದೆ. ಆ ಒಂದು ದಿನ ನಾನು ಬುದ್ಧಿವಂತೆ.

ಇನ್ನೊಂದು ದಿನ ಬುದ್ಧಿ ಕೆಟ್ಟಿತ್ತು. ಕಾರ್ಯಪ್ಪನವರ ಉದಾಹರಣೆ ತೆಗೆದೆ. 1953ರಲ್ಲಿ ಸೇನೆಯ ಮುಖ್ಯಸ್ಥ ಹುದ್ದೆಯಿಂದ ಇಳಿದಾಗ ಅವರಿಗೆ 54 ಕೂಡ ತುಂಬಿರಲಿಲ್ಲ, ಆಮೇಲೆ ಆಸ್ಟ್ರೇಲಿಯಾಕ್ಕೆ ಹೈ ಕಮಿಷನರ್ ಆಗಿ ಹೋಗಲಿಲ್ಲವಾ ಅಂದೆ. "ಅವರು ಕಮಾಂಡರ್ ಇನ್ ಚೀಫ್. ನನ್ನನ್ನು ಯಾವ ದೇಶಕ್ಕೆ ಕಳಿಸ್ತಾರೆ?" ಅಂದರು. ಕುಗ್ಗಿದವರಿಗೆ ದೊಡ್ಡವರ ಉದಾಹರಣೆ ಕೊಡಬೇಡಿ. ಇನ್ನೂ ಚಿಕ್ಕವರಾಗಿ ಹೋಗುತ್ತಾರೆ.

ಸಾವು, ಮದುವೆ, ಹಬ್ಬ, ಸ್ತ್ರೀಶಕ್ತಿ ಸಂಘದ ಮೀಟಿಂಗ್, ಯಾವುದನ್ನೂ ತಪ್ಪಿಸಬೇಡಿ. ಹೋಗಲು ಮನಸ್ಸಿಲ್ಲದ ದಿನವೇ ಹೋಗಿ. ಅರ್ಧ ಗಂಟೆ ಕೂತು ಕಾಫಿ ಕುಡಿದು ಬನ್ನಿ, ಸಾಕು.

7. ಹೊಸ ಕೆಲಸ: ಒಂದೇ ಸಾಲು ಕತ್ತರಿಸಿ

ಹಳೆಯ ಕಾಫಿ ಗಿಡದ ಫಸಲು ಇಳಿದರೆ ನಾವು ಕಿತ್ತೆಸೆಯುವುದಿಲ್ಲ. ನೆಲದಿಂದ ಒಂದಡಿ ಬಿಟ್ಟು ಕತ್ತರಿಸುತ್ತೇವೆ. ಬುಡದಿಂದ ಹತ್ತಾರು ಚಿಗುರು ಬರುತ್ತದೆ. ಅದರಲ್ಲಿ ಒಂದೋ ಎರಡೋ ಗಟ್ಟಿಯಾದದ್ದನ್ನು ಉಳಿಸಿ ಮಿಕ್ಕದ್ದನ್ನು ಮುರಿದು ಹಾಕುತ್ತೇವೆ. ಫಸಲಿಗೆ ಎರಡು ಮೂರು ವರ್ಷ ಕಾಯಬೇಕು. ಹಾಗಾಗಿ ಇಡೀ ತೋಟವನ್ನು ಒಂದೇ ವರ್ಷ ಕತ್ತರಿಸಿದರೆ ಊಟಕ್ಕೇನು? ಅದಕ್ಕೆ ವರ್ಷಕ್ಕೆ ಒಂದು ಸಾಲು, ಅಷ್ಟೇ.

ಹೊಸದನ್ನು ಹುಡುಕುವವರಿಗೂ ಇಷ್ಟೇ ಅಳತೆ ಸಾಕು. ಮೊದಲು, ನೀವು ಹಿಂದೆ ಕೈ ಹಚ್ಚಿ ಬಿಟ್ಟದ್ದು, ಬೇರೆಯವರು ನಿಮ್ಮನ್ನು ಕೇಳಿಕೊಂಡು ಬರುವುದು, ಇವೆರಡನ್ನು ಪಟ್ಟಿ ಮಾಡಿ. ಅದರಲ್ಲಿ ಒಂದನ್ನು ಮಾತ್ರ ತೆಗೆದುಕೊಳ್ಳಿ. ಒಂದು ಕಾಫಿ ಸೀಸನ್ ಮುಗಿಯುವ ತನಕ ಮಾಡಿ ನೋಡಿ. ಕೈಯಿಂದ ಹೋಗುವ ದುಡ್ಡು, ಹೋದರೂ ಹೊಟ್ಟೆ ಉರಿಯದಷ್ಟು ಇರಲಿ. ಎರಿಕ್ ಎರಿಕ್‌ಸನ್ ಎಂಬ ಮನೋವಿಜ್ಞಾನಿ, ನಡುವಯಸ್ಸಿನ ಮುಖ್ಯ ಹಸಿವು ಮುಂದಿನವರಿಗೆ ಏನಾದರೂ ಬೆಳೆಸಿಕೊಡುವುದು, ಅದು ಆಗದಿದ್ದರೆ ಮನುಷ್ಯ ನಿಂತ ನೀರಾಗುತ್ತಾನೆ ಎಂದು ಬರೆದಿದ್ದಾರೆ. ಹುಡುಕುವಾಗ ಅದನ್ನೊಂದು ಜರಡಿಯ ಹಾಗೆ ಇಟ್ಟುಕೊಳ್ಳಬಹುದು: ಇದರಿಂದ ಕಿರಿಯರಿಗೆ ಯಾರಿಗಾದರೂ ಏನಾದರೂ ಸಿಗುತ್ತದಾ?

ನಾನು ಹಿಡಿದದ್ದು ಜೇನು. ಭಾಗಮಂಡಲದ ಜೇನಿಗೆ ಹಿಂದೆ ದೊಡ್ಡ ಹೆಸರು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆಲ್ಲ ಹಬ್ಬಿ, ಮರಿಗಳು ಗೂಡಿನಲ್ಲೇ ಸತ್ತು ಪೆಟ್ಟಿಗೆ ಖಾಲಿಯಾದವು. ನನ್ನ ಅಪ್ಪನ ಹನ್ನೆರಡು ಪೆಟ್ಟಿಗೆಯೂ ಹೋಗಿತ್ತು. ಆಗ ನಾನು ಹುಡುಗಿ. ಪೆಟ್ಟಿಗೆಗಳು ಅಟ್ಟಕ್ಕೆ ಹೋದವು, ಅಪ್ಪ ಮತ್ತೆ ಜೇನಿನ ಮಾತೆತ್ತಲಿಲ್ಲ. 48ರಲ್ಲಿ ತವರಿನ ಅಟ್ಟ ಹತ್ತಿ ಎರಡು ಪೆಟ್ಟಿಗೆ ಇಳಿಸಿಕೊಂಡು ಬಂದೆ.

ಮೊದಲ ವರ್ಷ ಒಂದು ಕುಟುಂಬ ಹಾರಿಹೋಯಿತು. ಇರುವೆ ನುಗ್ಗಿದ್ದವು. ಸ್ಟ್ಯಾಂಡಿನ ನಾಲ್ಕು ಕಾಲನ್ನೂ ನೀರು ತುಂಬಿದ ಬಟ್ಟಲಲ್ಲಿ ಇಡಬೇಕು ಅಂತ ಗೊತ್ತಿದ್ದೂ, ಒಂದು ಬಟ್ಟಲು ಒಣಗಿದ್ದನ್ನು ನೋಡಿರಲಿಲ್ಲ. ಎರಡನೆಯದು ಉಳಿಯಿತು. ಫೆಬ್ರುವರಿ ಮಾರ್ಚ್‌ನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟ ಬೆಳ್ಳಗಾದಾಗ, ಪೆಟ್ಟಿಗೆಗೆ ಕಿವಿ ಇಟ್ಟರೆ ಒಳಗೆ ಗಿರಣಿ ಓಡುವ ಸದ್ದು. ರೋಬಸ್ಟಾಕ್ಕೆ ತನ್ನದೇ ಗಿಡದ ಪರಾಗ ಆಗುವುದಿಲ್ಲ. ಬೇರೆ ಗಿಡದ್ದು ಗಾಳಿಯಿಂದಲೋ ಜೇನಿನಿಂದಲೋ ಬರಬೇಕು. ಅಂದರೆ ನನ್ನ ಹುಚ್ಚಿನಿಂದ ತೋಟಕ್ಕೂ ಲಾಭ. ಈಗ ಐದು ಪೆಟ್ಟಿಗೆ ಇದೆ. ಶಾಲೆಯ ಮಕ್ಕಳು ರಜೆಯಲ್ಲಿ ನೋಡಲು ಬರುತ್ತಾರೆ. ರಾಣಿ ಎಲ್ಲಿದೆ ಅಂತ ಮೊದಲು ತೋರಿಸಿದವರಿಗೆ ಒಂದು ತುಂಡು ಎರಿ.

ನಮ್ಮನೆಯವರದ್ದು ಬೇರೆ ದಾರಿ. ಸೈನ್ಯಕ್ಕೆ ಸೇರಬೇಕು ಅಂತಿದ್ದ ಪಕ್ಕದ ಊರಿನ ಹುಡುಗನೊಬ್ಬ "ಮಾಮ, 1600 ಮೀಟರ್ ಓಟದಲ್ಲಿ ಕೊನೆಗೆ ಉಸಿರು ಸಿಗಲ್ಲ" ಅಂತ ಕೇಳಿಕೊಂಡು ಬಂದ. ಮರುದಿನ ಶಾಲೆಯ ಮೈದಾನದಲ್ಲಿ ಓಡಿಸಿದರು. ಒಂದು ಸ್ಟಾಪ್‌ವಾಚ್, ಒಂದು ಸೀಟಿ, ಇಷ್ಟೇ ಬಂಡವಾಳ. ಒಮ್ಮೆ ಹನ್ನೊಂದು ಹುಡುಗರಿದ್ದರು, ಹೋದ ಮಳೆಗಾಲದಲ್ಲಿ ಇಬ್ಬರೇ. ಕೆಲವು ದಿನ ಯಾರೂ ಬರುವುದಿಲ್ಲ. ಆಗ ಒಬ್ಬರೇ ಎರಡು ಸುತ್ತು ಹಾಕಿ ಬಂದು, "ಈಗಿನ ಹುಡುಗರಿಗೆ ಶಿಸ್ತೇ ಇಲ್ಲ" ಅಂತ ಖುಷಿಯಿಂದ ಬೈಯುತ್ತಾರೆ.

8. ಮತ್ತೆ ಕೆಳಗೆ ಬರುತ್ತದೆ

ಒಂದು ಸಲ ಸರಿಯಾದರೆ ಮುಗಿಯಿತು ಅಂತಲ್ಲ. ಹಳೆಯ ಪುಟಗಳನ್ನು ನೋಡಿದರೆ ನನ್ನ ಕೆಟ್ಟ ದಿನಗಳು ಹೆಚ್ಚಾಗಿ ಜುಲೈ ಕೊನೆಗೆ ಗುಂಪುಗಟ್ಟುತ್ತವೆ. ಅದು ಗೊತ್ತಾದ ಮೇಲೆ ಆ ಹದಿನೈದು ದಿನಕ್ಕೆ ಮೊದಲೇ ಏರ್ಪಾಡು ಮಾಡಿಕೊಳ್ಳುತ್ತೇನೆ. ಥೈರಾಯ್ಡ್ ಮಾತ್ರೆ ತಂದಿಡುವುದು, ಅಕ್ಕನನ್ನು ನಾಲ್ಕು ದಿನಕ್ಕೆ ಕರೆಸಿಕೊಳ್ಳುವುದು, ಆಗಸ್ಟ್ 3ರಂದು ನಮ್ಮಲ್ಲಿ ಮಾಡುವ ಮದ್ದು ಸೊಪ್ಪಿನ (ಔಷಧಿ ಗಿಡದ) ಪಾಯಸಕ್ಕೆ ಯಾರನ್ನಾದರೂ ಊಟಕ್ಕೆ ಹೇಳಿಬಿಡುವುದು. ಊಟಕ್ಕೆ ಹೇಳಿದ ಮೇಲೆ ಮಲಗಿರಲು ಆಗುವುದಿಲ್ಲ ನೋಡಿ. ಮಳೆಗಾಲದಲ್ಲಿ ಹೂವಿಲ್ಲದೆ ಜೇನೂ ಹಸಿದಿರುತ್ತದೆ, ಅದಕ್ಕೂ ಸಕ್ಕರೆ ನೀರು ಇಡಬೇಕು. ಸಮಸಮ ಸಕ್ಕರೆ ನೀರು ಕಾಯಿಸಿ, ಆರಿಸಿ, ಸಂಜೆ ಹೊತ್ತು ಪೆಟ್ಟಿಗೆಯ ಒಳಗೇ ಇಡಿ. ಹೊರಗೆ ಚೆಲ್ಲಿದರೆ ಮತ್ತೆ ಇರುವೆ.

ಇವತ್ತಿನ ಪುಟ: 2 ಇಂಚು 15 ಸೆಂಟು. ಸಮ. ಬೂಟು ಕೆಸರಾಗಿ ಬಂದಿದೆ, ತೊಳೆದವರಿಲ್ಲ.